ಕೋಡಿಯಮ್ಮನ ಗುಡಿಯಲ್ಲಿ ಕಟ್ಟಿಹಾಕಿದ್ದ ನನ್ನ ಸ್ಪ್ಯಾನರ್‌ಗಳು

ಕೋಡಿಯಮ್ಮನ ಒಕ್ಕಲಿನ ಎಲ್ಲರಿಗೂ ಚಂದ್ರೇಗೌಡನ ನಮಸ್ಕಾರ. ಹೋದ ವರ್ಷ ಯುಗಾದಿ ಕಳೆದ ಎಂಟನೇ ದಿನ ನನ್ನ ಬಲಗೈ ಮಣಿಕಟ್ಟು ಪುಡಿಯಾಯಿತು. ಅದು ಹೇಗೆ ಸರಿಹೋಯಿತು ಎಂದು ಗುಡಿಯ ಪುಸ್ತಕಕ್ಕೆ ಬರೆದುಕೊಡಿ ಅಂತ ಪೂಜಾರಿ ನಿಂಗಯ್ಯನವರು ಮೂರು ತಿಂಗಳಿಂದ ನನ್ನ ಪ್ರಾಣ ಹಿಂಡುತ್ತಿದ್ದಾರೆ. ಬೇರೆ ಭಕ್ತರು ಬರೆದದ್ದನ್ನೆಲ್ಲ ಓದಿದ್ದೇನೆ. ಅವರೆಲ್ಲ ಒಳ್ಳೆಯ ಜನ, ಕಷ್ಟ ಬಂದಾಗ ಕೈಮುಗಿದು ಕಣ್ಣೀರಿಟ್ಟವರು. ನಾನು ಅಮ್ಮನನ್ನು ಬಾಯಿಗೆ ಬಂದಂತೆ ಬೈದವನು. ಅಷ್ಟು ಸಾಲದು ಅಂತ ಅವಳ ಗುಡಿಗೇ ಕಳ್ಳತನಕ್ಕೆ ಹೋದವನು. ಇದನ್ನು ಅಚ್ಚು ಹಾಕಿಸುವುದೂ ಬಿಡುವುದೂ ನಿಂಗಯ್ಯನವರಿಗೆ ಸೇರಿದ್ದು.

ನಮ್ಮೂರು ಭೇರ್ಯದಿಂದ ಎರಡು ಕಿಲೋಮೀಟರ್. ಮನೆ ಮುಂದಿನ ಹೊಂಗೆ ಮರದ ಕೆಳಗೆ ಇಪ್ಪತ್ತಾರು ವರ್ಷದಿಂದ ಮೋಟಾರ್ ಸೈಕಲ್ ರಿಪೇರಿ ಮಾಡುತ್ತಿದ್ದೇನೆ. ಅಂಗಡಿಯಿಲ್ಲ, ಬೋರ್ಡಿಲ್ಲ. ಇರುವ ಗದ್ದೆಯನ್ನು ತಮ್ಮ ನೋಡಿಕೊಳ್ಳುತ್ತಾನೆ, ನನಗೆ ಕೆಸರಿಗಿಂತ ಗ್ರೀಸೇ ಒಗ್ಗಿದ್ದು. ಕೆಲಸ ಕಲಿತದ್ದು ಹುಣಸೂರಿನಲ್ಲಿ, ಗಫೂರ್ ಸಾಬರ ಹತ್ತಿರ. ಅವರು ಈಗಿಲ್ಲ. ಏಳು ವರ್ಷದಲ್ಲಿ ಅವರು ಬಾಯಿಬಿಟ್ಟು ಹೇಳಿಕೊಟ್ಟದ್ದು ಒಂದೇ ಪಾಠ: "ಮೊದ್ಲು ಬೆರಳು ಕಣೋ, ಆಮೇಲೆ ಪಾನಾ." ಪಾನಾ ಅಂದರೆ ಸ್ಪ್ಯಾನರ್. ನಟ್ಟಾಗಲಿ ಸ್ಪಾರ್ಕ್ ಪ್ಲಗ್ಗಾಗಲಿ, ಮೊದಲ ನಾಲ್ಕು ಸುತ್ತು ಬೆರಳಲ್ಲೇ ತಿರುಗಿಸಬೇಕು. ನೆಟ್ಟಗೆ ಕೂರುತ್ತಿದೆಯೋ ಸೊಟ್ಟಗೆ ಕೂರುತ್ತಿದೆಯೋ ಅನ್ನುವುದು ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಸ್ಪ್ಯಾನರ್‌ಗೆ ಏನೂ ಗೊತ್ತಾಗುವುದಿಲ್ಲ, ಅದು ಸೊಟ್ಟಗಿದ್ದರೂ ಬಿಗಿಯುತ್ತದೆ, ಥ್ರೆಡ್, ಅಂದರೆ ಒಳಗಿನ ಸುರುಳಿ ಗೆರೆ, ಕಿತ್ತುಹೋಗುತ್ತದೆ. ನಾನು ಹುಣಸೂರು ಬಿಟ್ಟು ಊರಿಗೆ ಹೊರಟ ದಿನ ಸಾಬರು ತಮ್ಮ ಕೈಯಲ್ಲಿ ಸವೆದಿದ್ದ ಆರು ರಿಂಗ್ ಸ್ಪ್ಯಾನರ್ ಕೊಟ್ಟರು. ಅವತ್ತಿನಿಂದ ನನ್ನ ಕೈಯಲ್ಲಿ ಸವೆದವು.

ಆ ದಿನ ಮಿರ್ಲೆಯ ಶಿವಣ್ಣನ ಗಾಡಿ ಬಿಚ್ಚಿದ್ದೆ. ಶಿವಣ್ಣ ದಿನಾ ಬೆಳಿಗ್ಗೆ ಸಂಜೆ ಗಾಡಿಯ ಎರಡು ಕಡೆ ಕ್ಯಾನು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವನು. ನೆಲ ಸಮವಿಲ್ಲ ಅಂತ ಸೆಂಟರ್ ಸ್ಟ್ಯಾಂಡಿನ ಕೆಳಗೆ ಇಟ್ಟಿಗೆ ಕೊಟ್ಟಿದ್ದೆ. ಇಟ್ಟಿಗೆ ಕೊಡಬಾರದು ಅಂತ ಊರಿಗೆಲ್ಲ ಬುದ್ಧಿ ಹೇಳುವವನು ನಾನೇ. ಇಟ್ಟಿಗೆ ಒಡೆಯಿತು, ಗಾಡಿ ವಾಲಿತು. ಬಿಟ್ಟಿದ್ದರೆ ಒಂದು ಇಂಡಿಕೇಟರ್ ಒಡೆಯುತ್ತಿತ್ತು. ನಾನು ಕೈ ಕೊಟ್ಟೆ. ಕೆಳಗೆ ಕಲ್ಲುಚಪ್ಪಡಿ, ಮೇಲೆ ಗಾಡಿ, ಮಧ್ಯೆ ನನ್ನ ಮಣಿಕಟ್ಟು. ಇಂಡಿಕೇಟರ್‌ಗೆ ಏನೂ ಆಗಲಿಲ್ಲ.

ಕೆ.ಆರ್. ನಗರಕ್ಕೆ ಹೋದೆವು, ಅಲ್ಲಿಂದ ಮೈಸೂರಿಗೆ ಕಳಿಸಿದರು. ಪ್ಲೇಟ್ ಹಾಕಿದರು. ಎಕ್ಸ್‌ರೇಯಲ್ಲಿ ಏಳು ಸ್ಕ್ರೂ ಎಣಿಸಿದೆ, ಎಲ್ಲವೂ ನೆಟ್ಟಗೆ ಕೂತಿದ್ದವು. ಆ ಡಾಕ್ಟರ ಕೆಲಸದ ಬಗ್ಗೆ ನನ್ನದೇನೂ ತಕರಾರಿಲ್ಲ. "ಮೂಳೆ ನನ್ನ ಜವಾಬ್ದಾರಿ ಗೌಡ್ರೇ, ಬೆರಳು ನಿಮ್ಮ ಜವಾಬ್ದಾರಿ" ಅಂದರು. ಆಗ ಅದು ನನಗೆ ಅರ್ಥವಾಗಲಿಲ್ಲ. ಆರು ವಾರದ ಮೇಲೆ ಪಟ್ಟಿ ಬಿಚ್ಚಿದಾಗ ಅರ್ಥವಾಯಿತು. ಹೆಬ್ಬೆರಳು ಒಂದು ಕಡೆ, ತೋರುಬೆರಳು ಇನ್ನೊಂದು ಕಡೆ, ಮಾತು ಬಿಟ್ಟ ದಾಯಾದಿಗಳ ಹಾಗೆ. ನಡುವೆ ಒಂದು ನಿಂಬೆಹಣ್ಣು ಉರುಳಿಹೋಗುವಷ್ಟು ಜಾಗ. ಮುದ್ದೆ ಮುರಿಯಲಾಗದೆ ಚಮಚದಲ್ಲಿ ತಿಂದೆ. ಚಮಚದಲ್ಲಿ ರಾಗಿ ಮುದ್ದೆ ತಿನ್ನುವ ಗಂಡಸನ್ನು ನೋಡಲು ಅಕ್ಕಪಕ್ಕದ ಮನೆಯವರು ಸಾರು ಕೇಳುವ ನೆಪದಲ್ಲಿ ಬಂದುಹೋದರು.

ವಾರಕ್ಕೆರಡು ದಿನ ಕೆ.ಆರ್. ನಗರದಲ್ಲಿ ಬೆರಳಿನ ವ್ಯಾಯಾಮ. ಹೆಂಗಸರಿಗೆ ಬಸ್ ಬಿಟ್ಟಿಯಾದ ಮೇಲೆ ನನ್ನ ಹೆಂಡತಿ ಜಯಮ್ಮ ನೋಡದೆ ಉಳಿದ ದೇವರಿಲ್ಲ, ಆದ್ದರಿಂದ ನನ್ನ ಜೊತೆಗೂ ಬರುತ್ತಿದ್ದಳು. ಅವಳಿಗೆ ಸೀಟು ಸಿಗುತ್ತಿತ್ತು. ನಾನು ಟಿಕೆಟ್ ತೆಗೆದುಕೊಂಡು, ಎಡಗೈಯಲ್ಲಿ ಕಂಬಿ ಹಿಡಿದು, ಬಲಗೈಯನ್ನು ಎದೆಗೆ ಒತ್ತಿಕೊಂಡು ನಿಲ್ಲುತ್ತಿದ್ದೆ. ವ್ಯಾಯಾಮ ಮಾಡಿಸುವ ಮೇಡಂ ಇನ್ನೂ ಚಿಕ್ಕ ಹುಡುಗಿ, ಒಳ್ಳೆಯವಳು. ಒಂದು ಹಳದಿ ಸ್ಪಂಜಿನ ಚೆಂಡು ಕೊಟ್ಟು, "ಅಂಕಲ್, ದಿನಕ್ಕೆ ಮೂರು ಸಲ ಇದನ್ನ ಹಿಸುಕ್ಬೇಕು. ರಾಗಿ ಕಾಳು ಒಂದೊಂದಾಗಿ ಹೆಕ್ಬೇಕು" ಅಂದಳು. ಐವತ್ತೆರಡು ವರ್ಷದವನು ಜಗಲಿಯಲ್ಲಿ ಕೂತು ಕೋಳಿಯಂತೆ ರಾಗಿ ಹೆಕ್ಕಬೇಕು! ಎರಡು ದಿನ ಹೆಕ್ಕಿದೆ. ಮೂರನೇ ದಿನ ಚೆಂಡನ್ನು ಹೆಂಚಿನ ಮೇಲೆ ಎಸೆದೆ. "ಮಾಡ್ತಿದೀರಾ ಅಂಕಲ್?" ಅಂದಾಗಲೆಲ್ಲ "ಮಾಡ್ತಾ ಇವ್ನಿ ತಾಯಿ" ಅಂತ ಸುಳ್ಳು ಹೇಳಿದೆ.

ಇದರ ಜೊತೆಗೆ ಬುದ್ಧಿ ಹೇಳುವವರ ಕಾಟ ಬೇರೆ. ಪಿರಿಯಾಪಟ್ಟಣದಿಂದ ಬಂದ ಭಾವಮೈದ, "ಎಚ್.ಡಿ. ಕೋಟೆ ತಾವ ಒಬ್ರು ಎಣ್ಣೆ ಕೊಡ್ತಾರೆ ಕಣ್ ಬಾವ, ಮೂರೇ ದಿನ" ಅಂದ. ಮೂರೇ ದಿನ ಅನ್ನದ ಒಬ್ಬ ಮನುಷ್ಯನನ್ನೂ ಆ ದಿನಗಳಲ್ಲಿ ನಾನು ಕಾಣಲಿಲ್ಲ.

ಆಷಾಢದಲ್ಲಿ ಶಿವಣ್ಣ ಮತ್ತೆ ಬಂದ. ಪಾಪ, ನನಗೆ ಕೈ ಮುರಿದದ್ದು ತನ್ನ ಗಾಡಿಯಿಂದ ಅಂತ ಅವನಿಗೆ ಸಂಕಟ. "ಅಣ್ಣೋ, ಪ್ಲಗ್ ಒಂದ್ ಬದ್ಲಾಯ್ಸ್‌ಬೇಕು. ಆದ್ರೆ ಮಾಡು, ಇಲ್ದಿದ್ರೆ ಬುಡು" ಅಂದ. ಬುಡು ಅಂದದ್ದೇ ನನಗೆ ಚುಚ್ಚಿತು. ಹಳೆಯ ಪ್ಲಗ್ ತೆಗೆದೆ. ಹೊಸದನ್ನು ಎಡಗೈಯಲ್ಲಿ ಇಟ್ಟೆ, ಬಲಗೈಯಲ್ಲಿ ತಿರುಗಿಸಲು ನೋಡಿದೆ, ಬೆರಳಿಗೆ ಹಿಡಿತವೇ ಇಲ್ಲ. ಶಿವಣ್ಣ ನೋಡುತ್ತಾ ನಿಂತಿದ್ದ. ನಾನು ನಾಚಿಕೆಯಿಂದ ಸ್ಪ್ಯಾನರ್ ಹಾಕಿ ತಿರುಗಿಸಿಬಿಟ್ಟೆ. ಎರಡನೇ ಸುತ್ತಿಗೆ ಕರ್ ಅಂದಿತು. ಆ ಸದ್ದು ಕೇಳಿದ ಕೂಡಲೇ ಏನಾಯಿತೆಂದು ನನಗೆ ಗೊತ್ತಾಯಿತು. ಪ್ಲಗ್ ಸೊಟ್ಟಗೆ ಹೋಗಿ ಎಂಜಿನ್ ಹೆಡ್ಡಿನ ಥ್ರೆಡ್ ಕಿತ್ತುಬಂದಿತ್ತು. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಮಾಡದ ತಪ್ಪು.

ಶಿವಣ್ಣ ಬೈದಿದ್ದರೆ ಚೆನ್ನಾಗಿತ್ತು. ಗಾಡಿಯನ್ನು ಭೇರ್ಯದ ಕಡೆ ತಳ್ಳಿಕೊಂಡು ಹೋದ, ಖಾಲಿ ಕ್ಯಾನುಗಳು ದಾರಿಯುದ್ದಕ್ಕೂ ಬಡಿದುಕೊಳ್ಳುತ್ತಿದ್ದವು. ನಾನು ಒಳಗೆ ಹೋಗಿ ದೇವರ ಮುಂದೆ ನಿಂತೆ. "ಏನಮ್ಮಾ, ನಾನೇನು ಬಂಗಾರ ಕೇಳಿದ್ನ? ನೆಲ ಕೇಳಿದ್ನ? ಒಂದ್ ಪ್ಲಗ್ ಇಡಿಯೋಗಂಟ ಎರಡು ಬೆರಳು ಸೇರ್ಸು ಅಂತೀನಿ. ಅಷ್ಟೂ ನಿನ್ ಕೈಲಿ ಆಗಕಿಲ್ವಾ? ಆಗ್ದಿದ್ ಮ್ಯಾಕೆ ಯಾಕೆ ಅಲ್ಲಿ ಕುಂತಿದೀಯೆ?" ಅಂದೆ. ನನ್ನ ಪ್ರಾರ್ಥನೆ ಅಂದರೆ ಇಷ್ಟೇ, ಇದೇ ದನಿಯಲ್ಲಿ. ಆಮೇಲೆ ಅಲ್ಲೇ ಕೂತು ಅತ್ತೆ. ಗಫೂರ್ ಸಾಬರು ಇಲ್ಲದಿರುವುದೇ ಒಳ್ಳೆಯದಾಯಿತು, ಇದನ್ನು ನೋಡಬೇಕಾಗಿ ಬರಲಿಲ್ಲ ಅಂತ ಅನ್ನಿಸಿತು. ಅಡಿಗೆಮನೆಯಲ್ಲಿದ್ದ ಜಯಮ್ಮನಿಗೆ ಎಲ್ಲವೂ ಕೇಳಿಸಿತ್ತು.

ಮಾರನೆಯ ದಿನ ಅವಳು ಕೆ.ಆರ್. ನಗರಕ್ಕೆ ಬರಲಿಲ್ಲ. ತಲೆನೋವು ಅಂದಳು. ನಾನು ವಾಪಸ್ಸು ಬಂದು ನೋಡಿದರೆ ಪೆಟ್ಟಿಗೆಯಲ್ಲಿ ರಿಂಗ್ ಸ್ಪ್ಯಾನರ್‌ಗಳಿಲ್ಲ.

"ಎಲ್ ಓದ್ವಮ್ಮಿ?"

"ಅಮ್ಮನ್ ತಾವ ಅವೆ" ಅಂದಳು, ರೊಟ್ಟಿ ತಟ್ಟುತ್ತಾ. "ಮುಡಿಪು ಕಟ್ಟಿವ್ನಿ. ನಿಮ್ ಕೈ ಸರಿಹೋಗೋಗಂಟ ಅಲ್ಲೇ ಇರ್ಲಿ. ಸರಿಹೋದ್ ಮ್ಯಾಕೆ ಪೂಜಾರಪ್ಪರು ಬಿಚ್ಚಿಕೊಡ್ತಾರೆ."

ಮುಡಿಪು ನಮಗೆ ಹೊಸದಲ್ಲ. ಅರಿಸಿನದ ಬಟ್ಟೆಯಲ್ಲಿ ನಾಣ್ಯ ಇಟ್ಟು, ಗಂಟು ಹಾಕಿ, ಹರಕೆ ಹೇಳಿಕೊಂಡು ಕಟ್ಟುತ್ತೇವೆ. ಹರಕೆ ತೀರಿದ ಮೇಲೆ ದೇವರ ಮುಂದೆ ಪೂಜಾರಿ ಬಿಚ್ಚಬೇಕು, ಬೇರೆಯವರು ಮುಟ್ಟುವಂತಿಲ್ಲ. ನಾಣ್ಯ ಕಟ್ಟಿದವರನ್ನು ನೋಡಿದ್ದೇನೆ, ಮಕ್ಕಳಿಲ್ಲದವರು ಸಣ್ಣ ತೊಟ್ಟಿಲು ಕಟ್ಟಿದ್ದನ್ನೂ ನೋಡಿದ್ದೇನೆ. ಗಂಡನ ಸ್ಪ್ಯಾನರ್ ಕಟ್ಟಿದ ಹೆಂಗಸನ್ನು ಮೂರು ತಾಲ್ಲೂಕಿನಲ್ಲಿ ನಾನಂತೂ ಕೇಳಿಲ್ಲ.

"ನಾಣ್ಯ ಇರ್ಲಿಲ್ವಾ ಮನೇಲಿ?"

"ನಾಣ್ಯ ಕಟ್ಟಿದ್ರೆ ನೀವು ಸುಮ್ಕಿರ್ತಿದ್ರಾ? ಇನ್ನೊಂದ್ ಗಾಡಿ ಬಿಚ್ಚಿ, ಒಳಗಿರೋ ಪ್ಲೇಟೂ ಮುರ್ಕೋತಿದ್ರಿ."

ಅದು ನಿಜವೇ. ನಿಜವಾದ್ದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು. ಸಾಲಿಗ್ರಾಮದ ಅಂಗಡಿಯಲ್ಲಿ ಹೊಸ ಸ್ಪ್ಯಾನರ್ ಕೈಗೆ ತೆಗೆದುಕೊಂಡು ನೋಡಿದೆ. ಪರರ ಮನೆಯ ಚಪ್ಪಲಿ ಮೆಟ್ಟಿದ ಹಾಗಾಯಿತು. ಕೈಜಾರಿ ಅಂಗಡಿಯವನ ಕಾಲ ಮೇಲೆ ಬಿತ್ತು. ಸುಮ್ಮನೆ ಬಂದುಬಿಟ್ಟೆ. ಬಸ್ಸಿನಲ್ಲಿ ಬರುವಾಗ ತೀರ್ಮಾನ ಮಾಡಿದೆ: ನನ್ನ ಸಾಮಾನು ನನಗೆ ಬೇಕು, ಕದ್ದಾದರೂ ಸರಿ.

ಕೋಡಿಯಮ್ಮನ ಗುಡಿ ನೋಡದವರಿಗೆ ಹೇಳುತ್ತೇನೆ. ಗುಡಿ ಇರುವುದು ಕೆರೆಯ ಕೋಡಿಯ ಹತ್ತಿರ, ಊರಿನಿಂದ ಸ್ವಲ್ಪ ಆಚೆ. ಸರಳಿನ ಬಾಗಿಲಿಗೆ ಬೀಗ ಇರುತ್ತದೆ, ಆದರೆ ಮುಡಿಪು ಕಟ್ಟುವ ಕಬ್ಬಿಣದ ಸಲಾಕೆ ಹೊರಗಡೆ, ಎರಡು ಕಲ್ಲುಕಂಬದ ನಡುವೆ, ತಲೆಯ ಎತ್ತರದಲ್ಲಿದೆ. ನಿಂಗಯ್ಯನವರು ಮಧ್ಯಾಹ್ನ ಊಟಕ್ಕೆ ಹೋದರೆ ಮತ್ತೆ ಬರುವುದು ಸಂಜೆಯ ಹೊತ್ತಿಗೆ. ಅಷ್ಟು ಹೊತ್ತು ಅಲ್ಲಿ ಮಂಗಗಳನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಅಮ್ಮನಿಗೆ ನಷ್ಟವಾಗಬಾರದು ಅಂತ ಸ್ಪ್ಯಾನರ್‌ಗಳ ತೂಕಕ್ಕೆ ಸರಿಯಾಗಿ ಒಂದು ಹಳೆಯ ಗಾಡಿಯ ಚೈನನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಇದನ್ನು ತೆಗೆದು ಅದನ್ನು ಕಟ್ಟಿಬಿಡುವುದು, ಯಾರಿಗೂ ತಿಳಿಯುವುದಿಲ್ಲ ಅಂತ ನನ್ನ ಲೆಕ್ಕಾಚಾರ.

ಗಂಟು ನೋಡಿದೆ. ಜಯಮ್ಮ ಹಸು ಕಟ್ಟುವ ಕೈಯಲ್ಲಿ ಹಾಕಿದ ಗಂಟು, ಒಂದರ ಮೇಲೊಂದು ಮೂರು. ಸಾಲದ್ದಕ್ಕೆ ಆಷಾಢದ ತುಂತುರಿಗೆ ಬಟ್ಟೆ ನೆಂದು ಕಲ್ಲಾಗಿತ್ತು. ಕತ್ತರಿಸಬಹುದಿತ್ತು, ಆದರೆ ಮುಡಿಪಿಗೆ ಚಾಕು ತಾಕಿಸುವ ಧೈರ್ಯ ಬರಲಿಲ್ಲ. ಹಲ್ಲು ಹಾಕಿದರೆ ಎಂಜಲಾಗುತ್ತದೆ. ಕಳ್ಳತನ ಮಾಡುವವನಿಗೂ ಒಂದು ನೇಮ ಇರಬೇಕಲ್ಲ! ಬಿಚ್ಚಿಯೇ ತೆಗೆಯಬೇಕು. ಸ್ಪ್ಯಾನರ್‌ಗಳ ಭಾರ ಎಳೆಯುತ್ತಿದ್ದರೆ ಗಂಟು ಬಿಗಿಯುತ್ತದೆ, ಆದ್ದರಿಂದ ಎಡಗೈಯಲ್ಲಿ ಭಾರವನ್ನು ಮೇಲಕ್ಕೆತ್ತಿ ಹಿಡಿಯಲೇಬೇಕು. ಉಳಿದದ್ದು ಬಲಗೈ, ಯಾವುದಕ್ಕೂ ಬಾರದ ಬಲಗೈ.

ಮೊದಲ ದಿನ ಬೆರಳು ಗಂಟಿನ ಮೇಲೆ ಜಾರಿತು, ಅಷ್ಟೇ. ಅಮ್ಮನನ್ನು ಬೈದು ಬಂದೆ. ಎರಡನೇ ದಿನವೂ ಹಾಗೇ. ಜಯಮ್ಮ ಕೇಳಿದರೆ "ಕೆರೆ ಕಡೆ ಓಗಿದ್ದೆ" ಅನ್ನುತ್ತಿದ್ದೆ. ಐದನೇ ದಿನವೋ ಆರನೇ ದಿನವೋ ಮೇಲಿನ ಗಂಟಿನ ಒಂದು ಎಳೆ ಅಲ್ಲಾಡಿತು. ಕೈ ಮೊಣಕೈವರೆಗೂ ಸಿಡಿಯುತ್ತಿತ್ತು. ಸಿಡಿಯಲಿ, ನಾಳೆ ಬಿಚ್ಚೇ ಬಿಚ್ಚುತ್ತೇನೆ ಅಂತ ಬಂದೆ. ಮಾರನೆಯ ದಿನ ಹೋಗಿ ನೋಡಿದರೆ ಗಂಟು ಮೊದಲಿಗಿಂತ ಬಿಗಿಯಾಗಿದೆ!

ಒಂದು ಸಲವಲ್ಲ. ನಾನು ಮೂರು ದಿನ ಒದ್ದಾಡಿ ಸಡಿಲಿಸುವುದು, ನಾಲ್ಕನೇ ದಿನಕ್ಕೆ ಅದು ಬಿಗಿಯಾಗಿರುವುದು. ಯಾರನ್ನು ಕೇಳಲಿ? ಕದಿಯಲು ಬಂದವನು ಗಂಟು ಯಾಕೆ ಬಿಗಿಯಾಯಿತು ಅಂತ ಊರಲ್ಲಿ ವಿಚಾರಿಸಿಕೊಂಡು ಬರಲು ಆಗುತ್ತದೆಯೇ? ಇದು ಅಮ್ಮನದೇ ಹಟ ಅಂತ ನನಗೆ ಖಾತ್ರಿಯಾಯಿತು. "ನೀನೋ ನಾನೋ ನೋಡೇ ಬುಡಾನ" ಅಂತ ಬೀಗ ಹಾಕಿದ ಬಾಗಿಲ ಮುಂದೆ ನಿಂತು ಸವಾಲು ಹಾಕಿದೆ. ಕಂಬದ ಮೇಲೆ ಕೂತ ಮಂಗ ಹಲ್ಲು ಕಿರಿಯಿತು. ಶ್ರಾವಣ ಪೂರ್ತಿ ಇದೇ ಆಯಿತು. ಹಟದಲ್ಲಿ ಕೆ.ಆರ್. ನಗರದ ವ್ಯಾಯಾಮಕ್ಕೂ ಹೋಗಲಿಲ್ಲ. ಒಂದು ದಿನವೂ ತಪ್ಪದೆ ಗುಡಿಗೆ ಹೋದೆ. ಯಾವ ಭಕ್ತನೂ ಅಷ್ಟು ನಿಷ್ಠೆಯಿಂದ ಹೋಗಿರಲಾರ.

ಗೌರಿ ಹಬ್ಬಕ್ಕೆ ಎರಡು ದಿನ ಇತ್ತು. ಬಿಸಿಲು ಬಂದು ಬಟ್ಟೆ ಒಣಗಿತ್ತು. ಮೇಲಿನ ಗಂಟು ಬಿಚ್ಚಿತು. ಎರಡನೆಯದೂ ಬಿಚ್ಚಿತು. ಮೂರನೆಯದರ ಕಿವಿ ಹಿಡಿದು ಎಳೆದೆ, ಉಸಿರು ಕಟ್ಟಿ ಎಳೆದೆ. ಬಟ್ಟೆ ಬಾಯಿ ಬಿಟ್ಟಿತು. ಆರೂ ಸ್ಪ್ಯಾನರ್ ನನ್ನ ಎಡಗೈಗೆ ಬಂದು ಕೂತವು. "ಗೆದ್ದೆ ಕಣಮ್ಮಾ!" ಅಂತ ಕೂಗಿದೆ. ಹತ್ತು-ಹನ್ನೊಂದರ ಸೈಜಿನ ಸ್ಪ್ಯಾನರನ್ನು ಕೈಗೆ ತೆಗೆದುಕೊಂಡೆ, ಅದರ ಹಿಡಿಯನ್ನು ಸವರಿದೆ, ಸಾಬರ ನೆನಪಾಯಿತು.

"ಅಯ್ಯೋ ಚಂದ್ರಪ್ಪಾ, ನೀನಾ? ಗಂಟು ಬಿಗಿಯಕ್ ಬಂದ್ಯಾ?"

ತಿರುಗಿದರೆ ನಿಂಗಯ್ಯನವರು, ಕೈಯಲ್ಲಿ ಪೊರಕೆ. ಹಬ್ಬದ ಮುಂಚೆ ಗುಡಿ ಗುಡಿಸಲು ಬೇಗ ಬಂದಿದ್ದರು.

"ವಾರಕ್ಕೆರಡು ಸಲ ಸಡ್ಲ ಆಯ್ತದೆ ಕಣಪ್ಪ ನಿನ್ ಹೆಂಡ್ರು ಕಟ್ಟಿದ್ದು" ಅಂದರು. "ಈ ಆಳಾದ್ ಮಂಗಗಳು ಎಳೀತವೆ ಅಂತ ನಾನೇ ಮಂಗಳವಾರ, ಶುಕ್ರವಾರ ಪೂಜೆ ಆದ್ ಮ್ಯಾಕೆ ಬಿಗಿಯಾಗಿ ಕಟ್ತಾ ಇವ್ನಿ."

ಎರಡು ತಿಂಗಳು ನಾನು ಹಟ ಹಿಡಿದು ಹೋರಾಡಿದ್ದು ಎಪ್ಪತ್ತು ದಾಟಿದ ಈ ಮುದುಕರ ಜೊತೆ! ನನ್ನ ಚೀಲ ಬಾಯಿ ಬಿಟ್ಟು ಒಳಗಿನ ಗಾಡಿಯ ಚೈನ್ ಕಾಣುತ್ತಿತ್ತು.

"ಮಂಗ ಅಲ್ಲ ಪೂಜಾರಪ್ಪ, ನಾನೇ. ಕದಿಯಕ್ಕೆ ಬತ್ತಿದ್ದೆ."

ಅವರು ಬೈಯುತ್ತಾರೆ ಅಂದುಕೊಂಡೆ. ಅವರು ನನ್ನ ಮುಖ ನೋಡಲಿಲ್ಲ. ಬಿಚ್ಚಿದ ಬಟ್ಟೆಯನ್ನು ನೋಡಿದರು, ಆಮೇಲೆ ನನ್ನ ಕೈ ನೋಡಿದರು.

"ಯಾವ್ ಕೈಲಿ ಬಿಚ್ದೆ?" ಅಂದರು.

ನಾನೂ ನೋಡಿಕೊಂಡೆ. ಹತ್ತು-ಹನ್ನೊಂದು ನನ್ನ ಬಲಗೈಯಲ್ಲಿತ್ತು. ಅದನ್ನು ಹಿಡಿದಿದ್ದದ್ದು ಹೆಬ್ಬೆರಳು ಮತ್ತು ತೋರುಬೆರಳು. ಎರಡೂ ಸೇರಿದ್ದವು. ಯಾವ ದಿನ ಸೇರಿದವೋ ನನಗೆ ಗೊತ್ತಿಲ್ಲ. ಅಮ್ಮನ ಮೇಲಿನ ಕೋಪದಲ್ಲಿ ಬೆರಳಿನ ಕಡೆ ನೋಡಿಯೇ ಇರಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತೆ. ಹೆಕ್ಕು ಅಂದರೆ ಹೆಕ್ಕದವನು, ಹಿಸುಕು ಅಂದರೆ ಹಿಸುಕದವನು. ಅಂಥವನಿಂದ ಎರಡು ತಿಂಗಳು ದಿನಾ ಬೆರಳಿನ ಕೆಲಸ ಮಾಡಿಸಬೇಕಾದರೆ ಅವನಿಗೆ ಕದಿಯುವ ಬುದ್ಧಿಯನ್ನೇ ಕೊಡಬೇಕು. ಅದು ಜಯಮ್ಮನಿಗೂ ಗೊತ್ತಿರಲಿಲ್ಲ, ನಿಂಗಯ್ಯನವರಿಗೂ ಗೊತ್ತಿರಲಿಲ್ಲ. ಒಬ್ಬಳಿಗೆ ಗೊತ್ತಿತ್ತು. ಬೀಗ ಹಾಕಿದ ಬಾಗಿಲ ಒಳಗೆ ಕೂತು ನನ್ನ ಬೈಗುಳವನ್ನೆಲ್ಲ ಕೇಳಿಸಿಕೊಂಡವಳು. ಸರಳಿನ ಸಂದಿಯಿಂದ ಅವಳ ಮುಖ ನೋಡಲು ನಾಚಿಕೆಯಾಯಿತು, ಆದರೂ ನೋಡಿ ಕೈಮುಗಿದೆ. ಎರಡು ಕೈಯನ್ನೂ ಸರಿಯಾಗಿ ಸೇರಿಸಿ ಮುಗಿದದ್ದು ಐದು ತಿಂಗಳಲ್ಲಿ ಅದೇ ಮೊದಲು.

ಆದರೆ ನಿಂಗಯ್ಯನವರು ನೇಮ ಬಿಡುವವರಲ್ಲ. "ಹರಕೆ ತೀರ್ದಂಗೆ ಆಗ್ಲಿಲ್ಲ ಕಣಪ್ಪ. ಮುಡಿಪು ಬಿಚ್ಬೇಕಾದ್ದು ನಾನು. ತಿರ್ಗಾ ಕಟ್ಟು. ಶುಕ್ರವಾರ ನಿನ್ ಹೆಂಡ್ರು ಕರ್ಕೊಂಡ್ ಬಾ, ತಪ್ಪು ಕಾಣಿಕೆ ಇಟ್ಟು ಬಿಚ್ಚಾನ" ಅಂದರು. ಎರಡು ತಿಂಗಳು ಬಿಚ್ಚಿದ್ದನ್ನು ನನ್ನ ಕೈಯಲ್ಲೇ ಕಟ್ಟಿಸಿದರು. ಶುಕ್ರವಾರ ಜಯಮ್ಮ ತಂಬಿಟ್ಟಿನಾರತಿ ತಂದಳು. ನಿಂಗಯ್ಯನವರು ಮಂತ್ರ ಹೇಳುತ್ತಾ ಗಂಟಿಗೆ ಕೈ ಹಾಕಿದರು. ಮಂತ್ರ ಮುಗಿಯಿತು, ಗಂಟು ಬಿಚ್ಚಲಿಲ್ಲ. ಮತ್ತೆ ಮೊದಲಿಂದ ಹೇಳಿದರು. ಬೆವರಿಳಿಯಿತು. ಕೊನೆಗೆ "ಇದೇನ್ ಇಂಗ್ ಬಿಗ್ದಿದೀಯಪ್ಪ! ಬಾ, ನೀನೂ ಒಂದ್ ಕೈ ಆಕು" ಅಂದರು. ಇಬ್ಬರೂ ಸೇರಿ ಬಿಚ್ಚಿದೆವು. ಜಯಮ್ಮ ಸೆರಗು ಬಾಯಿಗೆ ಹಿಡಿದುಕೊಂಡು ನಿಂತಿದ್ದಳು. ನಗುತ್ತಿದ್ದಾಳೆ ಅಂದುಕೊಂಡೆ. ಅಳುತ್ತಿದ್ದಳು.

ಮುಂದಿನ ವಾರ ಕೆ.ಆರ್. ನಗರಕ್ಕೆ ಹೋದಾಗ ಮೇಡಂ ನನ್ನ ಬೆರಳು ಹಿಡಿದು, ತಿರುಗಿಸಿ, ಮತ್ತೆ ಹಿಡಿದು ನೋಡಿದಳು. "ಅಂಕಲ್, ಏನ್ ಮಾಡಿದ್ರಿ? ಇಷ್ಟು ದಿನ ಎಲ್ಲಿಗೆ ಹೋಗ್ತಿದ್ರಿ?" ಅಂದಳು. "ದೇವಸ್ಥಾನಕ್ಕೆ ತಾಯಿ" ಅಂದೆ. ಅವಳಿಗೆ ನಾನು ಹೇಳಿದ ಮೊದಲ ನಿಜ ಅದು. ಹೆಂಚಿನ ಮೇಲಿನ ಚೆಂಡನ್ನೂ ಇಳಿಸಿ ವಾಪಸ್ಸು ಕೊಟ್ಟೆ.

ಶಿವಣ್ಣ ನನ್ನ ಮನೆ ಕಡೆ ಬಂದಿರಲಿಲ್ಲ. ನಾನೇ ಸ್ಪ್ಯಾನರ್ ಕಟ್ಟಿಕೊಂಡು ಬೆಳಿಗ್ಗೆಯ ಬಸ್ಸಿಗೆ ಮಿರ್ಲೆಗೆ ಹೋದೆ. ಅವನು ಡೈರಿಗೆ ಹೊರಟು ಕ್ಯಾನು ಕಟ್ಟುತ್ತಿದ್ದ. ಭೇರ್ಯದಲ್ಲಿ ಹೆಡ್ಡು ಸರಿಮಾಡಿಸಿಕೊಂಡಿದ್ದ. "ಒಂದ್ ಸಲ ಪ್ಲಗ್ ಬಿಚ್ಚಿ ಹಾಕ್ತೀನಿ ಕಣೋ, ಬ್ಯಾರೆ ಏನೂ ಮುಟ್ಟಕಿಲ್ಲ" ಅಂದೆ. ಅವನು ಗಾಡಿ ನೋಡಿದ, ನನ್ನನ್ನು ನೋಡಿದ. ಬೇಡ ಅನ್ನಬಹುದಿತ್ತು. ಕ್ಯಾನು ಬಿಟ್ಟು ಪಕ್ಕಕ್ಕೆ ಸರಿದ.

ಪ್ಲಗ್ ತೆಗೆದು, ಒರೆಸಿ, ಬಲಗೈಯಲ್ಲಿ ಹಿಡಿದು ಹೆಡ್ಡಿನ ತೂತಿಗಿಟ್ಟೆ. ಒಂದು ಸುತ್ತು. ನೆಟ್ಟಗೆ ಕೂತಿತು, ಬೆರಳಿಗೆ ಗೊತ್ತಾಯಿತು. ಎರಡು, ಮೂರು, ನಾಲ್ಕು. ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಕಣ್ಣಿಗೆ ಏನೂ ಕಾಣಿಸದಾಯಿತು. ಬೆರಳು ತೆಗೆಯಲು ಮನಸ್ಸಾಗದೆ ಹಾಗೇ ಕೂತೆ.

"ಅಣ್ಣೋ, ಆಲು ಒಡ್ದೋಯ್ತದೆ. ಪಾನಾ ತಗೊಳಣ್ಣ" ಅಂದ ಶಿವಣ್ಣ.

ಈಗ ಹೊಂಗೆ ಮರದ ಕೆಳಗೆ ಮೊದಲಿನಂತೆ ಗಾಡಿಗಳು ನಿಲ್ಲುತ್ತವೆ. ಇಟ್ಟಿಗೆಯನ್ನು ಮಾತ್ರ ಮನೆಯ ಹತ್ತಿರ ಸೇರಿಸುವುದಿಲ್ಲ. ಕೋಡಿಯಮ್ಮನ ಮೇಲೆ ನನಗೆ ನಂಬಿಕೆ ಇದ್ದದ್ದು ಮೊದಲೂ ನಿಜ, ಆದರೆ ಅದು ಮನೆಗೊಂದು ದೇವರು ಇರಲಿ ಅನ್ನುವ ನಂಬಿಕೆ. ಈಗ ಹಾಗಲ್ಲ. ಬೈದರೂ ಕೇಳಿಸಿಕೊಳ್ಳುತ್ತಾಳೆ, ಬೈದವನ ಕೈಯನ್ನೂ ಬಿಡುವುದಿಲ್ಲ ಅಂತ ನನಗೆ ಗೊತ್ತು. ತಾಯಿ, ನಿನಗೆ ಶರಣು. ಆದರೆ ಇನ್ನೊಂದು ಸಲ ಏನಾದರೂ ಮಾಡಿಸುವುದಿದ್ದರೆ ಸ್ವಲ್ಪ ಬಾಯಿಬಿಟ್ಟು ಹೇಳಬಾರದೇ?

ಒಂದು ಮಾತು ಬಾಕಿ ಇದೆ. ನಾನು ಮೋಸಕ್ಕೆ ತಂದಿದ್ದ ಆ ಹಳೆಯ ಚೈನನ್ನು ಮನೆಗೆ ಒಯ್ಯಲು ಮನಸ್ಸು ಬರಲಿಲ್ಲ. ಶುಕ್ರವಾರ ಮುಡಿಪು ಬಿಚ್ಚಿದ ಮೇಲೆ ಅದೇ ಹಳದಿ ಬಟ್ಟೆಯಲ್ಲಿ ಸುತ್ತಿ ಅಮ್ಮನಿಗೇ ಕಟ್ಟಿಬಿಟ್ಟೆ. "ಏನ್ ಬೇಡ್ಕೊಂಡ್ರಿ?" ಅಂತ ಜಯಮ್ಮ ಇವತ್ತಿಗೂ ಕೇಳುತ್ತಾಳೆ. ಏನೂ ಬೇಡಲಿಲ್ಲ. ನೀವು ಗುಡಿಗೆ ಹೋದರೆ ಸಲಾಕೆಯ ಕೊನೆಯಲ್ಲಿ ಗ್ರೀಸಿನ ಕಲೆಯಿರುವ ಒಂದು ಗಂಟು ಕಾಣುತ್ತದೆ. ಅದನ್ನು ಬಲಗೈಯಲ್ಲಿ ಕಟ್ಟಿದ್ದೇನೆ. ದಯವಿಟ್ಟು ಯಾರೂ ಬಿಚ್ಚಬೇಡಿ.